ಮುಗಿಯೋಕೆ ಅಂಥ ಪೆಟ್ರೋಡಾಲರ್ ಒಪ್ಪಂದವೇ ಇರಲಿಲ್ಲ

‘ಸೌದಿ–ಅಮೆರಿಕ ನಡುವಿನ 50 ವರ್ಷದ ಪೆಟ್ರೋಡಾಲರ್ ಒಪ್ಪಂದ 2024ರ ಜೂನ್ 9ಕ್ಕೆ ಮುಗಿದಿದೆ, ಇನ್ನು ಡಾಲರ್ ಕಥೆ ಮುಗೀತು’ ಅನ್ನೋ ಮೆಸೇಜ್ ಮತ್ತೆ ಓಡಾಡುತ್ತಿದೆ. ಇದು ತಪ್ಪು. ಪೆಟ್ರೋಡಾಲರ್ ಅಂದರೆ ತೈಲ ಮಾರಿ ಬರುವ ಡಾಲರ್; ಆದರೆ ತೈಲವನ್ನು ಡಾಲರಿನಲ್ಲೇ ಮಾರಬೇಕು ಅಂತ 50 ವರ್ಷದ ಗಡುವಿನ ಒಪ್ಪಂದ ಯಾವುದೂ ಇರಲಿಲ್ಲ. 1974ರ ಜೂನ್ 8ರಂದು ಸಹಿಯಾಗಿದ್ದು ಆರ್ಥಿಕ ಸಹಕಾರಕ್ಕೆ ಜಂಟಿ ಆಯೋಗ ಮಾಡುವ ಒಪ್ಪಂದ. ಅಲ್ಲಿಂದ 50 ವರ್ಷ ಲೆಕ್ಕ ಹಾಕಿದರೆ ಮೆಸೇಜಿನ ತಾರೀಖಿಗೆ ಹತ್ತಿರ ಬರುತ್ತೆ, ಹಾಗಾಗಿ ನಂಬೋ ಹಾಗೇ ಕಾಣುತ್ತೆ. ಅದೇ ವರ್ಷ ಸೌದಿಯವರು ತೈಲದ ದುಡ್ಡನ್ನು ಅಮೆರಿಕ ಸರ್ಕಾರದ ಬಾಂಡ್‌ಗಳಲ್ಲಿ ಹಾಕಲು ಗುಟ್ಟಾಗಿ ಒಪ್ಪಿದ್ದು ನಿಜ, ಅದರ ಪೂರ್ತಿ ವಿವರ ಹೊರಬಿದ್ದಿದ್ದು 2016ರಲ್ಲಿ, ಆದರೆ ಅದು ಬೇರೆಯೇ ವಿಷಯ. ಸೌದಿಯ ಕರೆನ್ಸಿ ರಿಯಾಲ್ 1986ರಿಂದಲೂ ಒಂದು ಡಾಲರಿಗೆ 3.75 ರಿಯಾಲ್ ಅನ್ನೋ ದರದಲ್ಲೇ ಕಟ್ಟಿಕೊಂಡಿದೆ, ಅದೂ ಬದಲಾಗಿಲ್ಲ. ಡಾಲರ್ ಬಗ್ಗೆ ಚರ್ಚೆ ಮಾಡೋಣ, ಈ ಮೆಸೇಜನ್ನು ಮಾತ್ರ ದಯವಿಟ್ಟು ಸುಮ್ನೆ ಫಾರ್ವರ್ಡ್ ಮಾಡಬೇಡಿ.