ಡೆಡಿಕೇಷನ್ ಅಂತೆ!

ನಿನ್ನೆಯಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಇಲ್ಲಿ ಕಕ್ಕಿಬಿಟ್ಟರೆ ನಿದ್ದೆಯಾದರೂ ಬರುತ್ತೆ. ಉದ್ದ ಇದೆ, ಬೇಡದವರು ಮುಂದೆ ಹೋಗಿ.

ನನ್ನ ಜಪಾನಿ ಸೀರಿಯಲ್ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಜಪಾನಿನ ಸಾರ್ವಜನಿಕ ಟಿವಿ ಎನ್‌ಎಚ್‌ಕೆಯವರು 1963ರಿಂದ ಭಾನುವಾರ ರಾತ್ರಿ ಹಾಕುತ್ತಾ ಬಂದಿರುವ ತೈಗಾ ಅನ್ನುವ ಐತಿಹಾಸಿಕ ಧಾರಾವಾಹಿಗಳು, ಸುಮಾರು ವರ್ಷಪೂರ್ತಿ ಒಂದೇ ಕಥೆ. ಒಂದನ್ನು ನೋಡಿ ಮುಗಿಸಿದ ಮೇಲೆ ಆ ಊರಿಗೆ ಹೋಗಿ ಬರದಿದ್ದರೆ ನನಗೆ ಸಮಾಧಾನವಿಲ್ಲ. (ನಮ್ಮನೆಯವರು ಇದಕ್ಕೆ 'ತೀರ್ಥಯಾತ್ರೆ' ಅಂತ ಹೆಸರಿಟ್ಟಿದ್ದಾರೆ. ಬ್ಯಾಗ್ ಹೊರುವವರು ಅವರೇ, ಅನ್ನಲಿ ಬಿಡಿ.) ಈ ಸಲ ಫುಕುಶಿಮಾ ಕಡೆಯ ಐಜು-ವಾಕಾಮಾತ್ಸು. ಈ ಊರಿನ ಯಾಎ ಅನ್ನುವ ಹೆಣ್ಣುಮಗಳ ಕಥೆ ಹೇಳುವ 2013ರ 'ಯಾಎ ನೋ ಸಕುರಾ'ವನ್ನು ಎರಡನೇ ಸಲ ನೋಡಿದ ಗುಂಗು ಇನ್ನೂ ಇಳಿದಿರಲಿಲ್ಲ.

ಅಲ್ಲಿ ಈಮೋರಿಯಾಮಾ ಅನ್ನುವ ಗುಡ್ಡವಿದೆ. ಹತ್ತಲು ಕಡಿದಾದ ಮೆಟ್ಟಿಲು. ಪಕ್ಕದಲ್ಲೇ ದುಡ್ಡು ಕೊಟ್ಟರೆ ಮೇಲಕ್ಕೆ ಎಳೆದುಕೊಂಡು ಹೋಗುವ ಕನ್ವೇಯರ್ ಪಟ್ಟಿಯೂ ಇದೆ. ಮಂಡಿ ನೋವು, ಮರ್ಯಾದೆ ಬಿಟ್ಟು ದುಡ್ಡು ಕೊಟ್ಟೆ. ಮೇಲೆ ಸಾಲಾಗಿ 19 ಸಮಾಧಿ ಕಲ್ಲು, ಊದುಬತ್ತಿಯ ಹೊಗೆ. ಹೊಗೆಯ ನಡುವೆ ಕನ್ನಡ ಕೇಳಿಸಿತು! ಬೇರೆ ದಿನವಾಗಿದ್ದರೆ ಓಡಿ ಹೋಗಿ ಯಾವೂರು ಅಂತ ಕೇಳುತ್ತಿದ್ದೆ. ಸೆಲ್ಫಿ ಕೋಲು ಹಿಡಿದ ಹುಡುಗನೊಬ್ಬ ಹೇಳುತ್ತಿದ್ದ: "ಗೈಸ್, ಸೋಲೋದಕ್ಕಿಂತ ಸಾಯೋದೇ ಮೇಲು ಅಂದ್ಕೊಂಡ್ರು. ಡೆಡಿಕೇಷನ್ ಅಂದ್ರೆ ಇದು!"

ಡೆಡಿಕೇಷನ್ ಅಂತೆ.

1868. ಜಪಾನಿನಲ್ಲಿ ಅಂತರ್ಯುದ್ಧ. ಹಳೆಯ ಶೋಗನ್ ಆಳ್ವಿಕೆಯನ್ನು ಕೆಡವಿದ ಹೊಸ ಸರ್ಕಾರದ ಸೈನ್ಯ ಐಜುವಿಗೆ ನುಗ್ಗಿತ್ತು. ಈ ಸಮಾಧಿಗಳಲ್ಲಿರುವವರು ಐಜುವಿನ ಬ್ಯಾಕ್ಕೊತಾಯ್, ಅಂದರೆ ಬಿಳಿ ಹುಲಿ ಪಡೆಯ ಹುಡುಗರು. ಹದಿನಾರು, ಹದಿನೇಳು ವಯಸ್ಸು ಅಂತ ಬರೆದಿರುತ್ತಾರೆ. ಅದು ನಮ್ಮ ಅಜ್ಜಿಯರ ಲೆಕ್ಕ, 'ಹದಿನಾರು ನಡೀತಿದೆ' ಅನ್ನುವಂಥದ್ದು. ಸರಿಯಾಗಿ ಎಣಿಸಿದರೆ ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು. ಸೋತು, ಹಸಿದು, ನೀರು ಹರಿಯುವ ಸುರಂಗದಲ್ಲಿ ನಡೆದುಕೊಂಡು ಈ ಗುಡ್ಡಕ್ಕೆ ಬಂದರು. ಕೆಳಗೆ ಊರು ಉರಿಯುತ್ತಿತ್ತು. ಹೊಗೆಯಲ್ಲಿ ತಮ್ಮ ಒಡೆಯನ ಕೋಟೆ ಕಾಣಲಿಲ್ಲ. ಬಿತ್ತು ಅಂದುಕೊಂಡರು. ಇಪ್ಪತ್ತು ಹುಡುಗರು ತಮ್ಮ ಮೇಲೇ ಕತ್ತಿ ಎತ್ತಿದರು.

ಕೋಟೆ ಬಿದ್ದಿರಲಿಲ್ಲ. ಅದಾದ ಮೇಲೂ ಸುಮಾರು ಒಂದು ತಿಂಗಳು ನಿಂತಿತ್ತು!

ಅವರು ಸತ್ತ ಜಾಗದಲ್ಲಿ, ಹಣೆಗೆ ಕೈ ಅಡ್ಡ ಹಿಡಿದು ಕೋಟೆ ಹುಡುಕುತ್ತಿರುವ ಹುಡುಗನ ಪ್ರತಿಮೆ ಇದೆ. ನಾನೂ ಹಾಗೇ ನಿಂತು ನೋಡಿದೆ. ಹೊಗೆ ಇಲ್ಲ, ಬಿಸಿಲು ಬೇರೆ. ಆದರೂ ಆ ಕಟ್ಟಡಗಳ ನಡುವೆ ಕೋಟೆ ಸಿಗಲು ಒಂದು ನಿಮಿಷ ಬೇಕಾಯಿತು. ಬೆಂಕಿಕಡ್ಡಿ ಪೆಟ್ಟಿಗೆಯಷ್ಟು ಕಾಣುತ್ತದೆ.

ಆ ಒಂದು ತಿಂಗಳು ಕೋಟೆಯೊಳಗೆ ಏನಾಯಿತು ಗೊತ್ತಾ? ನನ್ನ ಯಾಎ, ಸತ್ತ ತಮ್ಮನ ಬಟ್ಟೆ ತೊಟ್ಟು, ಕೂದಲು ಕತ್ತರಿಸಿ, ಸ್ಪೆನ್ಸರ್ ಬಂದೂಕು ಹಿಡಿದಿದ್ದಳು. ಹೆಂಗಸರು ಒಳಗೆ ಬಂದು ಬಿದ್ದ ಫಿರಂಗಿ ಗುಂಡುಗಳ ಮೇಲೆ ಒದ್ದೆ ಹಾಸಿಗೆ ಹಾಕಿ ಆರಿಸುತ್ತಿದ್ದರು. ಮಕ್ಕಳು ಗಾಳಿಪಟ ಹಾರಿಸಿದರು ಅಂತಲೂ ಹೇಳುತ್ತಾರೆ. ಗಾಳಿಪಟ! ಕೊನೆಗೆ ಒಡೆಯ ಮಾತ್ಸುದೈರಾ ಕತಾಮೋರಿ ಶರಣಾದ. ಆಮೇಲೆ ನಿಕ್ಕೋ ತೋಶೋಗೂ ಮಂದಿರದ ಮುಖ್ಯ ಅರ್ಚಕನಾಗಿ 1893ರವರೆಗೆ ಬದುಕಿದ. ಯಾಎ ಕ್ಯೋಟೋಗೆ ಹೋಗಿ, ದೋಶಿಶಾ ಶಾಲೆ ಕಟ್ಟಿದವನನ್ನು ಮದುವೆಯಾಗಿ, ಯುದ್ಧದ ಗಾಯಾಳುಗಳಿಗೆ ನರ್ಸ್ ಆಗಿ 1932ರವರೆಗೆ ಇದ್ದಳು. ಯಾಮಾಕಾವಾ ಕೆಂಜಿರೋ ಅಂತ ಇನ್ನೊಬ್ಬ. ಇನ್ನೂ ಚಿಕ್ಕವನು, ಬಂದೂಕು ಹೊರಲಾರ ಅಂತ ಇದೇ ಬಿಳಿ ಹುಲಿ ಪಡೆಯಿಂದ ಅವನನ್ನು ವಾಪಸ್ ಕಳಿಸಿದ್ದರು. ಆ ಕೈಲಾಗದ ಹುಡುಗ ಯೇಲ್‌ನಲ್ಲಿ ಓದಿ, ಭೌತಶಾಸ್ತ್ರದ ಪ್ರೊಫೆಸರ್ ಆಗಿ, ಟೋಕಿಯೋ ಇಂಪೀರಿಯಲ್ ವಿಶ್ವವಿದ್ಯಾಲಯದ ಅಧ್ಯಕ್ಷನಾದ. ಇವನ ಮೇಲೆ ರೀಲ್ಸ್ ಮಾಡಪ್ಪಾ!

ಕೋಟೆ ಬಿದ್ದಿಲ್ಲ ಅಂತ ಹುಡುಗರಿಗೆ ಗೊತ್ತಿತ್ತು, ಸೆರೆ ಸಿಕ್ಕಬಾರದು ಅಂತ ಮಾತಾಡಿಕೊಂಡೇ ಸತ್ತರು ಅನ್ನುವವರೂ ಇದ್ದಾರೆ. ಇರಬಹುದು. ಹಾಗಿದ್ದರೆ ಇನ್ನೂ ಸಂಕಟ. ಅಷ್ಟು ಸಣ್ಣ ಮಕ್ಕಳ ತಲೆಗೆ ಅದನ್ನು ತುಂಬಿದವರು ಯಾರು? 'ಅವರ ಸಂಸ್ಕೃತಿ, ನಿಮಗ್ಯಾಕೆ' ಅಂತ ಕಾಮೆಂಟ್ ಹಾಕಲು ಹೊರಟವರು ಒಂದು ನಿಮಿಷ ತಾಳಿ. ಅದೇ ಗುಡ್ಡದ ಮೇಲೆ, ನೆತ್ತಿಯಲ್ಲಿ ಹದ್ದು ಕೂತಿರುವ ಒಂದು ಕಲ್ಲಿನ ಕಂಬ ಇದೆ. 1928ರಲ್ಲಿ ಇಟಲಿಯಿಂದ ಬಂದದ್ದು. ಕಳಿಸಿದವನು ಸರ್ವಾಧಿಕಾರಿ ಮುಸೊಲಿನಿ. ಈ ಕಥೆ ಯಾರಿಗೆಲ್ಲ ಇಷ್ಟವಾಗುತ್ತೆ ನೋಡಿ.

ಸೀರಿಯಲ್‌ನವರು ಸಾಚಾಗಳು ಅಂತ ನಾನು ಹೇಳುತ್ತಿಲ್ಲ. ಮುತ್ತಿಗೆಯ ನಡುವೆಯೂ ಹೀರೋಯಿನ್ ಮುಖ ಲಕಲಕ. ಆದರೆ ಅವರು ಕಥೆಯನ್ನು ಈ ಗುಡ್ಡದ ಮೇಲೆ ನಿಲ್ಲಿಸಲಿಲ್ಲ. ಸೋತವರು ಮರುದಿನ ಎದ್ದು ಏನು ಮಾಡಿದರು ಅಂತ ವಾರಗಟ್ಟಲೆ ತೋರಿಸಿದರು. 'ಯುದ್ಧ ಮುಗೀತು, ಇನ್ನು ಬೋರು' ಅಂತ ನಮ್ಮನೆಯವರು ಎದ್ದು ಹೋದದ್ದೂ ಅಲ್ಲೇ.

ಇಪ್ಪತ್ತರಲ್ಲಿ ಒಬ್ಬ ಸಾಯಲಿಲ್ಲ. ಈನುಮಾ ಸದಾಕಿಚಿ. ಕುತ್ತಿಗೆಗೆ ಚುಚ್ಚಿಕೊಂಡಿದ್ದವನನ್ನು ಒಬ್ಬ ಹೆಂಗಸು ಕಂಡು ಉಳಿಸಿದಳು. ತಂತಿ ಇಲಾಖೆ ಸೇರಿದ. ಆ ದಿನದ ಬಗ್ಗೆ ಎಷ್ಟೋ ವರ್ಷ ಬಾಯಿ ಬಿಡಲಿಲ್ಲ. 1931ರಲ್ಲಿ ತೀರಿಕೊಂಡ. ಅವನ ಕಲ್ಲು ಆ ಸಾಲಿನಲ್ಲಿಲ್ಲ, ಸ್ವಲ್ಪ ದೂರದಲ್ಲಿದೆ. ನಮ್ಮ ಗೈಸ್ ಹುಡುಗ ಆ ಕಡೆ ತಿರುಗಿಯೂ ನೋಡಲಿಲ್ಲ. ಉಳಿದಿದ್ದ ಊದುಬತ್ತಿ ಅಲ್ಲಿ ಹಚ್ಚಿ ಬಂದೆ.

ಹೋಗಿ ಆ ಹುಡುಗನಿಗೆ ಎರಡು ಮಾತು ಹೇಳಬಹುದಿತ್ತು ಅಲ್ವಾ? ಹೇಳಲಿಲ್ಲ. ಮೊದಲ ಸಲ ಆ ಗುಡ್ಡಕ್ಕೆ ಹೋಗಿ ಬಂದಾಗ ನಾನೇ ಇದೇ ಗೋಡೆಯ ಮೇಲೆ ಹೆಚ್ಚುಕಡಿಮೆ ಅವನ ಮಾತನ್ನೇ ಬರೆದಿದ್ದೆ, ಚಂದದ ಕನ್ನಡದಲ್ಲಿ. ನೀವೆಲ್ಲ ಹಾರ್ಟ್ ಒತ್ತಿದ್ದಿರಿ. ಹುಡುಕಲು ಹೋಗಬೇಡಿ, ಬೆಳಿಗ್ಗೆಯೇ ಅಳಿಸಿದ್ದೇನೆ.