ಎಝಡ್‌ಟಿ ವಿಷ ಅನ್ನುವವರಿಗೆ

ಎಚ್‌ಐವಿಯಿಂದ ಯಾರೂ ಸಾಯಲಿಲ್ಲ, ಅದಕ್ಕೆ ಕೊಟ್ಟ ಎಝಡ್‌ಟಿ ಮಾತ್ರೆ ತಿಂದೇ ಸತ್ತರು ಅನ್ನೋ ಹಳೇ ಮಾತು ಮತ್ತೆ ಓಡಾಡುತ್ತಿದೆ. ಇದರಲ್ಲಿ ಒಂದು ಚೂರು ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ. ಆ ಚೂರನ್ನೇ ಮೊದಲು ಹೇಳಿಬಿಡುತ್ತೇನೆ.

ಎಝಡ್‌ಟಿ ಅಂದರೆ ಜಿಡೋವುಡಿನ್. 1964ರಲ್ಲಿ ಕ್ಯಾನ್ಸರ್‌ಗೆ ಅಂತ ತಯಾರಿಸಿದ್ದು, ಕೆಲಸಕ್ಕೆ ಬರದೆ ಮೂಲೆ ಸೇರಿತ್ತು. 1987ರಲ್ಲಿ ಅಮೆರಿಕ ಎಚ್‌ಐವಿಗೆ ಒಪ್ಪಿಗೆ ಕೊಟ್ಟ ಮೊದಲ ಔಷಧಿ ಇದೇ. ಆಗ ದಿನಕ್ಕೆ 1200 ಮಿಲಿಗ್ರಾಂ, ನಾಲ್ಕು ಗಂಟೆಗೊಮ್ಮೆ, ಅಂದರೆ ನಡುರಾತ್ರಿ ಎದ್ದೂ ನುಂಗಬೇಕು! ಮೂಳೆಯ ಮಜ್ಜೆಗೇ ಪೆಟ್ಟು ಬಿದ್ದು ರಕ್ತಹೀನತೆಯಾಗಿ ಎಷ್ಟೋ ಜನರಿಗೆ ರಕ್ತ ಕೊಡಿಸಬೇಕಾಯಿತು. 1990ರಲ್ಲಿ ಡೋಸನ್ನು ಅರ್ಧಕ್ಕೆ ಇಳಿಸಿದರು. ಅಷ್ಟರಲ್ಲಿ ಹೆಸರು ಕೆಟ್ಟಿತ್ತು.

ಆದರೆ ಔಷಧಿ ಸೋತದ್ದು ವಿಷ ಅಂತಲ್ಲ, ಒಂಟಿಯಾಗಿತ್ತು ಅಂತ. ವೈರಸ್ ತನ್ನ ಆರ್‌ಎನ್‌ಎ ನೋಡಿಕೊಂಡು ಡಿಎನ್‌ಎ ಕಟ್ಟುವಾಗ, ಡಿಎನ್‌ಎ ಸರಪಳಿಯ ಕೊಂಡಿಗಳಲ್ಲಿ ಒಂದಾದ ಥೈಮಿಡಿನ್ ಅಂದುಕೊಂಡು ಎಝಡ್‌ಟಿಯನ್ನು ಪೋಣಿಸಿಕೊಳ್ಳುತ್ತದೆ, ಮುಂದಿನ ಕೊಂಡಿ ಹಾಕಲು ಜಾಗವೇ ಇರುವುದಿಲ್ಲ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಒಳ್ಳೇ ಉಪಾಯವೇ. ಆದರೆ ಈ ವೈರಸ್ ನಕಲು ಮಾಡುವಾಗ ತಪ್ಪು ಮಾಡುವುದು ಜಾಸ್ತಿ, ಆ ತಪ್ಪುಗಳಲ್ಲೇ ಯಾವುದೋ ಒಂದರಿಂದ ಅದು ಔಷಧಿಗೆ ಬಗ್ಗದಂತೆ ಆಗಿಬಿಡುತ್ತದೆ. ಒಂದು ಔಷಧಿಯಿಂದ ತಪ್ಪಿಸಿಕೊಂಡಷ್ಟು ಸುಲಭವಾಗಿ ಮೂರರಿಂದ ಒಟ್ಟಿಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. 1996ರ ಹೊತ್ತಿಗೆ ಮೂರು ಔಷಧಿ ಒಟ್ಟಿಗೆ ಕೊಡಲು ಶುರು ಮಾಡಿದ ಮೇಲೆಯೇ ಸಾವುಗಳು ಇಳಿದದ್ದು. ಆ ಮೂರರಲ್ಲಿ ಎಷ್ಟೋ ಸಲ ಒಂದು ಇದೇ ಎಝಡ್‌ಟಿ.

ವಿಷ ಅನ್ನುವವರು 1994ರ ಒಂದು ಪ್ರಯೋಗದ ಬಗ್ಗೆ ಬಾಯೇ ಬಿಡುವುದಿಲ್ಲ. ಗರ್ಭಿಣಿಗೂ ಹುಟ್ಟಿದ ಮಗುವಿಗೂ ಬರೀ ಎಝಡ್‌ಟಿ ಕೊಟ್ಟಾಗ ಮಗುವಿಗೆ ಸೋಂಕು ತಗಲುವುದು 25.5 ಶೇಕಡಾದಿಂದ 8.3ಕ್ಕೆ ಇಳಿಯಿತು. ಇಷ್ಟು ಗೊತ್ತಿದ್ದೂ 1999ರಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಕ್ಷ ಥಾಬೋ ಎಂಬೆಕಿ ಈ ಔಷಧಿ ಅಪಾಯ ಅಂತ ಸಂಸತ್ತಿನಲ್ಲೇ ಮಾತಾಡಿದರು, ಸರ್ಕಾರ ಔಷಧಿ ಹಂಚುವುದನ್ನು ಎಳೆದಾಡಿತು. ಇದರಿಂದ 2000ದಿಂದ 2005ರೊಳಗೆ 3,30,000ಕ್ಕೂ ಹೆಚ್ಚು ಜೀವ ಹೋಯಿತು ಅಂತ ಹಾರ್ವರ್ಡ್‌ನವರು 2008ರಲ್ಲಿ ಅಂದಾಜು ಮಾಡಿದರು. ಔಷಧಿ ತಿಂದು ಸತ್ತವರಲ್ಲ ಇವರು, ಸಿಗದೆ ಸತ್ತವರು. ಸುಮ್ನೆ ಒಂದು ಅನುಮಾನ ಹರಿಯಬಿಟ್ಟದ್ದಕ್ಕೆ ಇಷ್ಟು!

ಈಗ ದೊಡ್ಡವರಿಗೆ ಮೊದಲ ಚಿಕಿತ್ಸೆಯಾಗಿ ಎಝಡ್‌ಟಿ ಕೊಡುವುದೇ ಅಪರೂಪ. 2019ರಿಂದ ವಿಶ್ವ ಆರೋಗ್ಯ ಸಂಸ್ಥೆ ಮೊದಲು ಹೇಳುವುದು ಡೊಲುಟೆಗ್ರಾವಿರ್ ಅನ್ನೋ ಹೊಸ ಎಚ್‌ಐವಿ ಔಷಧಿ ಇರುವ ಚಿಕಿತ್ಸೆ, ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. 1987ರ ಡೋಸಿನ ಕಥೆ ಹೇಳಿ ಇವತ್ತಿನ ಮಾತ್ರೆ ಬಿಡಿಸುತ್ತಿದ್ದೀರಲ್ಲ, ಯಾರಿಗೋಸ್ಕರ?