ಹಿಂಡಿ ತಿಂದ ಮೀನಿಗೆ ವಿಟಮಿನ್ ಇಂಜೆಕ್ಷನ್ ಕೊಡ್ತಾರಾ?

"ಸಾಕಿದ ಮೀನಿಗೆ ಬರೀ ಹಿಂಡಿ, ತೌಡು ಹಾಕ್ತಾರೆ. ಅದರಲ್ಲಿ ವಿಟಮಿನ್ ಇಲ್ಲ, ಇಂಜೆಕ್ಷನ್ ಚುಚ್ಚಿ ಬೆಳೆಸ್ತಾರೆ. ತಿನ್ನಬೇಡಿ." ಹಾಸನದ ನಮ್ಮ ವಾಟ್ಸಾಪ್ ಗುಂಪಿಗೂ ಈ ಮೆಸೇಜ್ ಬಂತು. ಇದು ಸರಿಯಲ್ಲ. ಸಾವಿರಾರು ಮೀನುಗಳನ್ನು ಒಂದೊಂದಾಗಿ ಹಿಡಿದು ಚುಚ್ಚುವುದು ಆಗುವ ಕೆಲಸವಲ್ಲ, ಅಲ್ವಾ? ವಿಟಮಿನ್ ಹೋಗುವುದು ಆಹಾರದ ಜೊತೆಗೇ.

ಹಿಂಡಿಯಲ್ಲಿ ವಿಟಮಿನ್ ಬಿ12 ಇರುವುದಿಲ್ಲ, ಅದು ನಿಜ. ಆದರೆ ತಿಲಾಪಿಯಾ, ಸಾಮಾನ್ಯ ಗೆಂಡೆಯಂಥ ಮೀನುಗಳ ಕರುಳಿನ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತವೆ. ಅದಕ್ಕೆ ಚೂರು ಕೋಬಾಲ್ಟ್ ಎಂಬ ಖನಿಜ ಸಿಕ್ಕರೆ ಸಾಕು.

ನಿಜವಾಗಿ ಗಮನ ಬೇಕಾದ್ದು ವಿಟಮಿನ್ ಸಿ ಕಡೆಗೆ. ನಮ್ಮ ಹಾಗೇ ಹೆಚ್ಚಿನ ಮೀನುಗಳು ಅದನ್ನು ತಾವೇ ಮಾಡಿಕೊಳ್ಳಲಾರವು. ಕಡಿಮೆಯಾದರೆ ಬೆನ್ನುಮೂಳೆ ಡೊಂಕಾಗುತ್ತದೆ, ಗಾಯ ಬೇಗ ಮಾಯುವುದಿಲ್ಲ. ಬಿಸಿಗೂ ಗಾಳಿಗೂ ಬೇಗ ಹಾಳಾಗುವ ವಿಟಮಿನ್ ಇದು. ಹಾಗಾಗಿ ಮೀನಿನ ಫೀಡ್‌ಗೆ ಬಿಸಿ ತಡೆಯುವ ರೂಪದಲ್ಲಿ ಸೇರಿಸುತ್ತಾರೆ. ಹಸುವಿಗೆ ಮಿನರಲ್ ಮಿಕ್ಸ್ಚರ್ ಕೊಡುವುದಿಲ್ವಾ, ಇದೂ ಹಾಗೇ.

ಊರ ಕೆರೆಯಲ್ಲಿ ಮೀನು ವಿರಳವಾಗಿದ್ದರೆ ನೀರಿನ ಪಾಚಿ, ಸಣ್ಣ ಜೀವಿಗಳಿಂದಲೇ ಸಾಕಷ್ಟು ವಿಟಮಿನ್ ಸಿಗುತ್ತದೆ. ತೊಟ್ಟಿಯಲ್ಲಿ ಜಾಸ್ತಿ ಮೀನು ಬಿಟ್ಟಿದ್ದರೆ ಮಾತ್ರ ಎಲ್ಲವೂ ಫೀಡ್‌ನಿಂದಲೇ ಬರಬೇಕು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಇಟ್ಟು ಮುಗ್ಗಿದ ಚೀಲದ ಫೀಡ್ ಅನ್ನು ದಯವಿಟ್ಟು ಹಾಕಬೇಡಿ.